ಅವನು ತಾಳ ತಪ್ಪಿರಲಿಲ್ಲ

ಅವನು ಸತ್ತ ಸುದ್ದಿ ಬಂದಾಗ ನಾನು ಮೊದಲು ನನ್ನ ಮನಸ್ಸನ್ನು ತಡವಿ ನೋಡಿಕೊಂಡೆ, ಯಾವುದಾದರೂ ಮೂಲೆಯಲ್ಲಿ ಅವನ ಮೇಲೆ ಒಂದಿಷ್ಟು ಪ್ರೀತಿ ಹುಟ್ಟಿದೆಯೇ ಎಂದು. ಹುಟ್ಟಿರಲಿಲ್ಲ. ಸತ್ತವರ ಬಗ್ಗೆ ಬರೆಯುವವರು ಅವರನ್ನು ದೇವರ ಪಕ್ಕದಲ್ಲಿ ಕೂರಿಸಿಯೇ ಮಾತು ಶುರುಮಾಡುತ್ತಾರೆ. ನನ್ನಿಂದ ಅದು ಆಗದು. ಅವನು ಸೊಕ್ಕಿನ ಮನುಷ್ಯ, ಬಾಯಿಬಡುಕ. ಇನ್ನೊಬ್ಬರು ಹಾಡುತ್ತಿದ್ದರೆ ಕಣ್ಣು ಮುಚ್ಚಿ ತಲೆ ಅಲ್ಲಾಡಿಸುವ ಬದಲು ಕಣ್ಣು ತೆರೆದು ಮೂಗು ಮುರಿಯುವ ಜಾತಿ. ಇಷ್ಟವಿಲ್ಲದವನಿಗೆ ಮಾಡಿದ ಅನ್ಯಾಯ ಅರ್ಧ ಅನ್ಯಾಯ ಮಾತ್ರ ಎಂದು ನಾನು ಬಹಳ ದಿನ ನಂಬಿಕೊಂಡಿದ್ದೆ. ಈಗ ನಂಬುವುದಿಲ್ಲ. ಆದರೆ ಅವನು ಈಗಲೂ ನನಗೆ ಇಷ್ಟವಿಲ್ಲ.

ಹೆಸರು ಬರೆಯುವುದಿಲ್ಲ. ಬರೆದರೆ ನಮ್ಮೂರಿನವರು ಅವನ ಮನೆತನದ ಕಥೆ ಬಿಚ್ಚುತ್ತಾರೆ, ನನ್ನ ಕಥೆ ಅದರಡಿಯಲ್ಲಿ ಮುಚ್ಚಿಹೋಗುತ್ತದೆ.

ನಾನು ಇಳಕಲ್ಲಿನ ನೇಕಾರ. ಮೆಟ್ರಿಕ್ ಮುಗಿಸಿ ಕುಣಿಮಗ್ಗಕ್ಕೆ ಇಳಿದವನು ಮೂವತ್ತೈದು ವರ್ಷ ಅದರಲ್ಲೇ ಕಾಲು ಇಳಿಬಿಟ್ಟು ಕೂತೆ. ಅಷ್ಟೇ ವರ್ಷ ನಮ್ಮ ಓಣಿಯ ಭಜನಾ ಮಂಡಳಿಯಲ್ಲಿ ತಾಳ ಹಿಡಿದೆ. ತಬಲಾದವರು ಬದಲಾದರು, ಹಾಡುವವರು ಬದಲಾದರು, ತಾಳ ಮಾತ್ರ ನನ್ನ ಕೈಯಲ್ಲೇ ಉಳಿಯಿತು. ಊರಿನಲ್ಲಿ ನನಗಿದ್ದ ದೊಡ್ಡಸ್ತಿಕೆಯೆಲ್ಲ ಆ ಎರಡು ಹಿತ್ತಾಳೆಯ ತುಂಡುಗಳದ್ದು.

ಅವನು ಮರೋಳದವನು, ಬೀರಪ್ಪನ ಒಕ್ಕಲು. ಅಪ್ಪ ಡೊಳ್ಳು ಬಾರಿಸುತ್ತಿದ್ದನಂತೆ. ಮಗ ಬೋರ್‌ವೆಲ್ ಲಾರಿಯ ಹಿಂದೆ ಹೋದ. ಆ ಲಾರಿಯ ಮಾಲೀಕ ಪಶ್ಚಿಮ ಆಫ್ರಿಕಾದ ಮಾಲಿ ದೇಶದಲ್ಲಿ ಬಾವಿ ಕೊರೆಯುವ ಗುತ್ತಿಗೆ ಹಿಡಿದ. ಇವನೂ ಹೋಗಿ ಎಂಟು ವರ್ಷ ಅಲ್ಲಿದ್ದ. ಒಂದು ದಿನ ಕಬ್ಬಿಣದ ರಾಡು ಬಿದ್ದು ಸೊಂಟ ಹೋಯಿತು. ತಿರುಗಿ ಬಂದಾಗ ಅವನ ಹತ್ತಿರ ಇದ್ದದ್ದು ಬಾಗಿದ ಬೆನ್ನು, ಗಿಳಿಗಳ ಚಿತ್ರವಿದ್ದ ನಾಲ್ಕು ಅಂಗಿ, ಒಂದು ಹಳೆಯ ಗಿಟಾರು. ನಮ್ಮ ಮನೆಯ ಹಿಂದಿನ ಎರಡು ಖೋಲಿ ಬಾಡಿಗೆಗೆ ಹಿಡಿದು ಕೂತ. ಮದುವೆಯಾಗಿರಲಿಲ್ಲ. ಭಾರ ಎತ್ತುವ ಕೆಲಸ ಆಗುತ್ತಿರಲಿಲ್ಲ. ಉಳಿದದ್ದು ಹತ್ತು ಬೆರಳು ಮಾತ್ರ.

ಅವನ ಪ್ರತಿ ಮಾತೂ 'ಅಲ್ಲಿ' ಎಂದು ಶುರುವಾಗುತ್ತಿತ್ತು. ಅಲ್ಲಿ ಬಿಸಿಲು ಹೀಗೆ, ಅಲ್ಲಿ ಮಾವಿನಹಣ್ಣು ಹಾಗೆ. ಚಹಾಕ್ಕೆ ಕರೆದರೆ ಒಂದು ತಾಸು ಹೋಯಿತೆಂದೇ ಲೆಕ್ಕ. ಹಾಲಿಲ್ಲದ ಹಸಿರು ಚಹಾ, ಸಣ್ಣ ಕೆಟಲಿನಲ್ಲಿ ಮೂರು ಸಲ ಕುದಿಸುತ್ತಿದ್ದ. ಪ್ರತಿ ಸಲವೂ ಮೊಳದೆತ್ತರದಿಂದ ಗ್ಲಾಸಿಗೆ ಸುರಿದು, ತಿರುಗಿ ಕೆಟಲಿಗೆ ಸುರಿದು, ಕರುವಿಗೆ ಸ್ನಾನ ಮಾಡಿಸುವವನ ಹಾಗೆ ಆಟ ಆಡುತ್ತಿದ್ದ.

"ಎಷ್ಟೊತ್ತು ಹಿಡಿತೈತಿ ತಮ್ಮಾ?" ಎಂದು ಕೇಳಿದರೆ, "ಅಲ್ಲಿ ಚಾ ಕುಡಿಯಾಕ ಗಡಿಯಾರ ನೋಡಂಗಿಲ್ರಿ ಕಾಕಾ" ಎನ್ನುತ್ತಿದ್ದ.

"ಇಲ್ಲಿ ನೋಡ್ತೀವಿ" ಎಂದು ನಾನು ಎದ್ದುಬರುತ್ತಿದ್ದೆ.

ನಮ್ಮ ಮಂಡಳಿಯ ಹಾರ್ಮೋನಿಯಮ್ಮಿಗೆ ಅವನಿಟ್ಟ ಹೆಸರು ಸೈಕಲ್ ಪಂಪು. ಹಾಡುವ ಹೆಣ್ಣುಮಗಳೊಬ್ಬಳನ್ನು ಎಲ್ಲರೆದುರು ನಿಲ್ಲಿಸಿ, "ಅಕ್ಕಾರ, ದೇವರಿಗೆ ಕಿವಿ ಕೇಳ್ತಾವು, ಅಷ್ಟ್ ಯಾಕ ಒದರ್ತೀರಿ?" ಎಂದ. ಆಕೆ ಮೂರು ವಾರ ಭಜನೆಗೆ ಬರಲಿಲ್ಲ. ಇಂಥವನನ್ನು ಯಾರಾದರೂ ಹೇಗೆ ಮೆಚ್ಚಬೇಕು?

ಗಿಟಾರು ಯಾರ ಹತ್ತಿರ ಕಲಿತೆ ಎಂದು ಒಂದು ಸಂಜೆ ಕಟ್ಟೆಯ ಮೇಲೆ ಕೂತಾಗ ಕೇಳಿದೆ. ಕೇಳಿದ್ದು ತಿಳಿದುಕೊಳ್ಳಲಿಕ್ಕಲ್ಲ, ನಾಲ್ಕು ಜನ ಕೂತಿದ್ದರು, ನಗಲಿಕ್ಕೆ ಏನಾದರೂ ಬೇಕಿತ್ತು.

"ಅಲ್ಲಿ ಕೆಲವು ಮನೆತನ ಅದಾವ್ರಿ. ಹಾಡೂದ ಅವ್ರ ಕಸಬು. ಯಾರ ಮನಿಗಿ ಹೋದ್ರೂ ಆ ಮನೀ ಮುತ್ತ್ಯಾ, ಮುತ್ತ್ಯಾನ ಮುತ್ತ್ಯಾ, ಎಲ್ಲಾರ ಹೆಸರ ಹಿಡದು ಹಾಡ್ತಾರ. ಅರ್ಧ ಸೋರೀ ಬುರುಡಿಗೆ ಚರ್ಮ ಬಿಗದು ಇಪ್ಪತ್ತೊಂದ ತಂತಿ ಕಟ್ಟಿರ್ತಾರ. ಕೋರಾ ಅಂತಾರ ಅದಕ್ಕ. ಅದರ ನುಡೀನ ಗಿಟಾರಿನ್ಯಾಗ ಇಳಿಸ್ಯಾರ."

"ಅಂದ್ರ ಹೆಳವರು ಅನ್ನು."

"ಹೂಂ, ಹಂಗ ಅನ್ರಿ."

"ಹೆಳವರ ಕಡೆ ಕಲಿಯಾಕ ಸಮುದ್ರ ದಾಟಿ ಹೋದ್ಯಾ? ನಮ್ಮ ಹೆಳವ ಎತ್ತ ಹೊಡಕೊಂಡು ನಿಮ್ಮ ಮನೀ ಬಾಗಲಿಗೇ ಬರ್ತಿದ್ನಲ್ಲಲೇ!"

ಕಟ್ಟೆ ತುಂಬ ನಗೆ. ಅವನೂ ನಕ್ಕ. ನಕ್ಕು ಮುಗಿಸಿ, "ಖರೆ ಐತ್ರಿ. ಆದ್ರ ಆ ಹೆಳವನ ಮುಂದ ನೀವು ಎಂದರ ಕುಂತು ಕೇಳೀರ್ಯಾ? ಸೇರು ಜ್ವಾಳಾ ಹಾಕಿ ಸಾಗ ಹಾಕೀರಿ" ಎಂದ. ಯಾರೂ ನಗಲಿಲ್ಲ. ಅವನ ದೊಡ್ಡ ದೋಷವೇ ಇದು. ಕೊನೆಯ ಮಾತನ್ನು ಇನ್ನೊಬ್ಬರಿಗೆ ಬಿಟ್ಟುಕೊಡುತ್ತಿರಲಿಲ್ಲ.

ಊರಿಗೆ ಬಂದ ಮೇಲೆ ಅವನಿಗೆ ಮೊಬೈಲಿನಲ್ಲಿ ಜಾಝ್ ಕೇಳುವ ಹುಚ್ಚು ಹಿಡಿಯಿತು. ನನ್ನನ್ನು ಹಿಡಿದು ಕೂರಿಸಿ, ನನ್ನ ಕಿವಿಗೆ ತನ್ನ ಕಿವಿಯ ವಾಯರು ತುರುಕಿ, "ಇಂವ ಈಗಿನ ಕಾಲದಾಂವ ಕಾಕಾ, ದೊಡ್ಡ ಶಹರದಾಗ ಜಾಝ್ ನುಡಸ್ತಾನ. ಮ್ಯಾಲಿಂದು ಬಿಡ್ರಿ, ಹೆಬ್ಬಟ್ಟು ಕೇಳ್ರಿ. ಅದು ಕೋರಾದ ಹೆಬ್ಬಟ್ಟು. ಅಲ್ಲಿಂದ ಗುಲಾಮರಂತ ಹಿಡಕೊಂಡು ಹೋದ ಮಂದಿ ಅಮೆರಿಕಾದಾಗ ಕಟ್ಟಿದ ಹಾಡ ಅಲ್ಲೇನ್ರೀ ಇದು! ಈಗ ಮೊಮ್ಮಕ್ಕಳು ಅಜ್ಜನ ಮನಿ ಹುಡುಕ್ಕೋಂತ ತಿರುಗಿ ಹೊಂಟಾರ" ಎನ್ನುತ್ತಿದ್ದ. ನನಗೆ ಕೇಳಿಸಿದ್ದು ಕಲ್ಲು ಸಿಕ್ಕ ಪಂಪ್‌ಸೆಟ್ಟು. ಅದರ ಮೇಲೆ ಸ್ವರದ ತಲೆಯ ಮೇಲೆ ಸ್ವರ ಪೇರಿಸಿ, ಹುಳಿ ಮಜ್ಜಿಗೆಗೆ ಬೆಲ್ಲ ಕದಡಿದ ಹಾಗಿತ್ತು. ನಾನು ವಾಯರು ಕಿತ್ತು ಅವನ ಕೈಯಲ್ಲಿಟ್ಟೆ.

ಅವನೂ ಹಾಗೆಯೇ ನುಡಿಸತೊಡಗಿದ. ನನ್ನ ಹೆಂಡತಿ ಕಂಡಿಕೆ ಸುತ್ತುವ ರಾಟೆಯ ಕೆಳಗೆ ಬಿದ್ದ ರೇಷ್ಮೆ ನೂಲಿನ ಚೂರುಗಳನ್ನು ಬೇಡಿ ಒಯ್ಯುತ್ತಿದ್ದ. ಅದನ್ನು ಹೊಸೆದು ಗಿಟಾರಿನ ತಂತಿಗಳ ಬುಡದಲ್ಲಿ, ಒಂದರ ಮೇಲೆ ಒಂದರ ಕೆಳಗೆ ಹಾಯಿಸಿದರೆ ನಾದ ಹುಟ್ಟಿದ ಕೂಡಲೇ ಸಾಯುತ್ತಿತ್ತು. ಟಪ್, ಟಪ್ ಎಂದು ಸೋರೆಬುರುಡೆಯ ಸದ್ದು. ಅಲ್ಲಿ ಕಾಗದ ಸಿಕ್ಕಿಸುತ್ತಾರಂತೆ, ಬಟ್ಟೆ ಸಿಕ್ಕಿಸುತ್ತಾರಂತೆ, ಇವನು ಕಂಡುಹಿಡಿದದ್ದು ಇಳಕಲ್ ರೇಷ್ಮೆ. ಒಳ್ಳೆಯ ವಾದ್ಯದ ಕತ್ತು ಹಿಸುಕುವುದಕ್ಕೆ ನಮ್ಮ ರೇಷ್ಮೆಯೇ ಬೇಕಾಯಿತೇ ಎಂದು ನನಗೆ ಹೊಟ್ಟೆಯುರಿ. "ಬೆರಳು ಓಡಬೇಕ್ರಿ ಕಾಕಾ, ಹೆಬ್ಬಟ್ಟು ನಡೀಬೇಕು. ಹೆಬ್ಬಟ್ಟು ಓಡಿತಂದ್ರ ಊರು ಹಾಳು" ಎನ್ನುವುದು ಅವನ ವೇದವಾಕ್ಯ.

ಕೇಳುವ ಮಂದಿಗೆ ಕೊರತೆ ಇರಲಿಲ್ಲ, ಅದೇ ನನಗೆ ತಡೆಯದಾದದ್ದು. ಓಣಿಯ ಹತ್ತು ಹನ್ನೆರಡು ಹುಡುಗ ಹುಡುಗಿಯರು ಕಲಿಯುತ್ತೇವೆಂದು ಹೆಸರು ಕೊಟ್ಟರು. ಅವನ ಖೋಲಿಯಲ್ಲಿ ಮೂವರಿಗೆ ಕೂರಲು ಜಾಗವಿಲ್ಲ. ನಮ್ಮ ಭಜನೆ ನಡೆಯುವ ನೇಕಾರರ ಸಂಘದ ಸಭಾಭವನವನ್ನು ವಾರಕ್ಕೆ ಎರಡು ಸಂಜೆ ಬಿಟ್ಟುಕೊಡಿರೆಂದು ಸಂಘದ ಅಧ್ಯಕ್ಷರಲ್ಲಿ ಕೇಳಿಕೊಂಡ. ಭವನ ಸಿಕ್ಕರೆ ಇಳಕಲ್ಲಿನಲ್ಲಿ ಉಳಿದು ಕಲಿಸಿ ಬದುಕುವುದು, ಇಲ್ಲವಾದರೆ ಕುಳಗೇರಿ ಕ್ರಾಸಿನ ತಂಗಿಯ ಮನೆಗೆ ಹೋಗಿ ಬೀಳುವುದು. ಬೇರೆ ದಾರಿ ಇರಲಿಲ್ಲ. ಅವನೇ ನನ್ನ ಹೆಂಡತಿಯ ಮುಂದೆ ಹೇಳಿದ್ದ.

ಅಧ್ಯಕ್ಷರು ನನ್ನನ್ನು ಕರೆಸಿದರು. "ಹಿರಿಯರ, ನಮಗ ಇದರಾಗಿಂದು ತಿಳಿಯಂಗಿಲ್ಲ. ಒಂದಿನ ಕುಂತು ಕೇಳೂಣು. ತಾಳ ನೀವ ಹಿಡೀರಿ. ನೀವು ಹೂಂ ಅಂದ್ರ ಹಾಲ್ ಕೊಡೂಣು, ಊಂಹೂಂ ಅಂದ್ರ ಬಿಡೂಣು."

ಇಲ್ಲಿ ನಮ್ಮ ಮಂಡಳಿಯ ಒಂದು ಪದ್ಧತಿ ಹೇಳಬೇಕು. ತಾಳ ಹಿಡಿದವನ ಮಾತೇ ಕೊನೆ. ಹಾಡುವವನು ತಾಳ ತಪ್ಪಿದರೆ ತಾಳದವನು ಬಾಯಲ್ಲಿ ಏನೂ ಹೇಳುವುದಿಲ್ಲ, ಎರಡೂ ತಾಳಗಳನ್ನು ಜಮಖಾನೆಯ ಮೇಲೆ ಮಗುಚಿ ಇಡುತ್ತಾನೆ. ಹಾಡು ಅಲ್ಲಿಗೆ ನಿಲ್ಲುತ್ತದೆ. ತಪ್ಪಿದವನು ಎದ್ದು ಹಿಂದಿನ ಸಾಲಿಗೆ ಹೋಗುತ್ತಾನೆ. ತಾಳವೇ ತಪ್ಪಿರಬಹುದೆಂಬ ವಿಚಾರ ಆ ಭವನದಲ್ಲಿ ಯಾರ ತಲೆಗೂ ಎಂದೂ ಬಂದದ್ದಿಲ್ಲ. ನನ್ನ ತಲೆಗೂ ಬಂದಿರಲಿಲ್ಲ.

ಆ ಸಂಜೆ ಭವನ ತುಂಬಿತ್ತು. ಗಂಡಸರು ಮುಂದೆ, ಹೆಂಗಸರು ಬಲಗಡೆಯ ಗೋಡೆಗೆ. ನನಗೆ ಮೊಣಕಾಲು ನೋವು, ಕುರ್ಚಿ ಹಾಕಿದ್ದರು. ಅವನು ಗಿಳಿಗಳ ಅಂಗಿ ತೊಟ್ಟು ಬಂದ. ದೇವರ ಫೋಟೋಕ್ಕೆ ಕೈ ಮುಗಿದ, ನನಗೆ ಮುಗಿಯಲಿಲ್ಲ. ಕೂತ, ರೇಷ್ಮೆಯ ಎಳೆ ಸರಿಪಡಿಸಿದ, ನುಡಿಸಿದ.

ನುಡಿಕೆಯಲ್ಲಿ ಎರಡು ನಡಿಗೆ ಇದ್ದವು. ಹೆಬ್ಬೆರಳು ದಪ್ಪ ತಂತಿಯಲ್ಲಿ ನಿಧಾನವಾಗಿ ನಾಲ್ಕು ಹೆಜ್ಜೆ ಹಾಕಿ ತಿರುಗಿ ಮೊದಲಿಗೆ ಬರುತ್ತಿತ್ತು. ಅದೇ ಹೊತ್ತಿನಲ್ಲಿ ತೋರುಬೆರಳು ಮೇಲಿನಿಂದ ಸಣ್ಣ ಸಣ್ಣ ಸ್ವರಗಳನ್ನು ಜಾರಿಸಿಕೊಂಡು ಇಳಿಯುತ್ತಿತ್ತು. ಮೇಲಿನ ಹಾಡು ಹೆಬ್ಬೆರಳಿನ ಹೆಜ್ಜೆಯ ಮೇಲೆ ಶುರುವಾಗುತ್ತಿರಲಿಲ್ಲ, ಅರ್ಧ ಹೆಜ್ಜೆ ಮುಂಚೆಯೇ ಶುರುವಾಗುತ್ತಿತ್ತು. ನಮ್ಮ ಮಂಡಳಿಯ ಭಜನೆಗಳಲ್ಲಿ ಪಲ್ಲವಿ ಎದ್ದ ಕಡೆಯೇ ತಾಳ ಬೀಳುತ್ತದೆ. ನಾನು ಹಾಗೆಯೇ, ಮೇಲಿನ ಹಾಡು ಎದ್ದ ಕಡೆ ತಾಳ ಹಾಕಿದೆ. ಅವನ ಸಾಲು ಬಂದು ನಿಲ್ಲುವಾಗ ನನ್ನ ಎರಡು ಪೆಟ್ಟಿನ ನಡುವಿನ ಖಾಲಿ ಜಾಗದಲ್ಲಿ ನಿಲ್ಲುತ್ತಿತ್ತು. ಮತ್ತೆ ಮತ್ತೆ ಅಲ್ಲೇ. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮುಂದಿನ ಸಾಲಿನಲ್ಲಿ ಒಬ್ಬ ನಕ್ಕ.

ಆಗ ನನ್ನ ಕಾಲು ನನಗೆ ಗೊತ್ತಾಯಿತು.

ಮಗ್ಗದ ಕುಣಿಯಲ್ಲಿ ಕಾಲಹಲಗೆ ತುಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೈ ಲಾಳಿ ಎಸೆಯುತ್ತದೆ, ಕಣ್ಣು ಅಂಚು ನೋಡುತ್ತದೆ, ಕಾಲು ಯಾರನ್ನೂ ಕೇಳದೆ ತನ್ನ ಕೆಲಸ ಮಾಡುತ್ತದೆ. ನನ್ನ ಕಾಲುಗಳು ಕುರ್ಚಿಯ ಮುಂದೆ, ಎಡ, ಬಲ, ಎಡ, ಬಲ, ಇಲ್ಲದ ಹಲಗೆಯನ್ನು ತುಳಿಯುತ್ತಿದ್ದವು. ಅವನ ಹೆಬ್ಬೆರಳಿನ ಸಂಗಡ, ಒಂದಿಷ್ಟೂ ಹೆಚ್ಚು ಕಡಿಮೆಯಿಲ್ಲದೆ. ಕೈಯೊಂದೇ ಬೇರೆ ಕಡೆ ಇತ್ತು. ಕಾಲಿನ ಮೇಲೆ ಲಕ್ಷ್ಯ ಇಟ್ಟು ಕೇಳಿದೆ. ಇಡೀ ನುಡಿಕೆ ಒಂದು ಕ್ಷಣದಲ್ಲಿ ಬಿಚ್ಚಿಕೊಂಡಿತು, ಮಸುಕು ಕನ್ನಡಕ ಒರೆಸಿ ಹಾಕಿಕೊಂಡ ಹಾಗೆ. ಖಾಲಿ ಎಂದುಕೊಂಡ ಜಾಗದಲ್ಲೇ ಹೆಜ್ಜೆ ಇತ್ತು. ತಪ್ಪಿದ್ದವನು ನಾನು.

ನಾನು ಅಲ್ಲೇ ಕೈ ನಿಲ್ಲಿಸಿ, "ತಡಿ ತಮ್ಮಾ, ನಂದ ತಪ್ಪೇತಿ, ಮದಲಿಂದ ಹೊಡಿ" ಎನ್ನಬಹುದಿತ್ತು. ನಾಲ್ಕು ಮಾತು. ನಾನು ತಾಳವನ್ನು ಇನ್ನೂ ಜೋರಾಗಿ ಬಡಿದೆ. ತಪ್ಪು ಜಾಗದಲ್ಲೇ, ಗೊತ್ತಿದ್ದು. ಹತ್ತು ಹನ್ನೆರಡು ಸುತ್ತು ಹಾಗೆ ಬಡಿದು ಎರಡನ್ನೂ ಜಮಖಾನೆಯ ಮೇಲೆ ಮಗುಚಿ ಇಟ್ಟೆ.

ಅವನ ಕೈ ನಿಂತಿತು. ಅವನು ನನ್ನ ಮುಖ ನೋಡಲಿಲ್ಲ, ಕೆಳಗೆ ನೋಡಿದ.

"ಕಾಕಾ, ಕೈ ಬಿಡ್ರಿ. ನಿಮ್ಮ ಕಾಲಿಗೆ ಕೇಳ್ರಿ. ಅದು ನನ್ನ ಕೂಡನ ಬಂದೈತಿ."

"ಏ ತಮ್ಮಾ, ಹಿರಿಯರ ಕೂಡ ಮಾತಾಡೂ ರೀತಿ ಇದೇನು?" ಎಂದು ಅಧ್ಯಕ್ಷರು ಗದರಿದರು. ನಾನು ಕಾಲುಗಳನ್ನು ಕುರ್ಚಿಯ ಕೆಳಗೆ ಎಳೆದುಕೊಂಡೆ. ಎಳೆದುಕೊಂಡು ಹೇಳಿದೆ: "ಬೆರಳ ಓಡತಾವು ಇವನವು, ಅದಕ್ಕೇನ ಇಲ್ಲ ಅನ್ನಂಗಿಲ್ಲ. ತಾಳ ಇಲ್ಲ. ತಾಳ ಇಲ್ಲದಾಂವ ಮಂದಿ ಮಕ್ಕಳಿಗೆ ಏನ ಕಲಸ್ತಾನ? ಮರೋಳಕ್ಕ ಹೋಗಿ ನಿಮ್ಮಪ್ಪನ ಡೊಳ್ಳ ಹಿಡಿ ಮದಲ."

ಡೊಳ್ಳಿನವನ ಮಗನೆಂದು ಹೀಯಾಳಿಸಿದೆ. ಸಾವಿರ ಜನರ ಕಾಲನ್ನು ಒಂದೇ ಹೆಜ್ಜೆಯಲ್ಲಿ ಎತ್ತಿಸುವ ವಾದ್ಯ ಅದು. ಅದರ ಮುಂದೆ ನನ್ನ ಹಿತ್ತಾಳೆ ಯಾವ ಲೆಕ್ಕ? ಅದೂ ನನಗೆ ಗೊತ್ತಿತ್ತು. ಜನ ಮಾತ್ರ ಹೊಟ್ಟೆ ಹಿಡಿದು ನಕ್ಕರು. ಕಲಿಯಲು ಹೆಸರು ಕೊಟ್ಟಿದ್ದ ಮಕ್ಕಳೂ ದೊಡ್ಡವರನ್ನು ನೋಡಿ ನಕ್ಕರು. ಅವನು ಗಿಟಾರು ಹೆಗಲಿಗೆ ಹಾಕಿಕೊಂಡು, ಹಿಂದಿನ ಸಾಲಿಗೆ ಹೋಗದೆ, ನೇರ ಬಾಗಿಲು ದಾಟಿದ.

ಮನೆಯಲ್ಲಿ ಹೆಂಡತಿ ಊಟಕ್ಕೆ ಹಾಕುತ್ತ ಕೇಳಿದಳು, "ಅಂವ ಎಲ್ಲಿ ತಪ್ಪಿದ?"

"ನಿನಗ ತಿಳಿಯಂಗಿಲ್ಲ."

"ತಿಳಿಯಂಗಿಲ್ಲ ಅಂತನ ಕೇಳಾಕತ್ತೇನಿ. ತಿಳದವ್ರು ಹೇಳ್ರಿ."

ನಾನು ರೊಟ್ಟಿ ಮುರಿದೆ.

ಹದಿನೈದು ದಿನದಲ್ಲಿ ಅವನು ಖೋಲಿ ಖಾಲಿ ಮಾಡಿದ. ಹೋಗುವಾಗ ಹೇಳಿಹೋಗಲಿಲ್ಲ. ಮಳೆಗಾಲದಲ್ಲಿ ಕೇಳಿ ಒಯ್ದಿದ್ದ ನನ್ನ ಛತ್ರಿಯನ್ನೂ ಕೊಡಲಿಲ್ಲ. ಆ ಛತ್ರಿಯ ಮಾತನ್ನು ಹಿಡಿದುಕೊಂಡು ನಾನು ಮೂರು ವರ್ಷ ನನ್ನನ್ನು ಸಮಾಧಾನಪಡಿಸಿಕೊಂಡೆ. ನೋಡು, ಎಂಥ ಮನುಷ್ಯ, ಹೋದದ್ದೇ ಒಳ್ಳೆಯದಾಯಿತು. ಅಷ್ಟು ಹಗುರ ನೆಪದ ಮೇಲೆ ಅಷ್ಟು ಭಾರದ ಪಾಪ ನಿಲ್ಲಿಸಿದ ನನ್ನಂಥವನನ್ನು ಕಂಡರೆ ಈಗ ನನಗೆ ಅವನಿಗಿಂತ ಹೆಚ್ಚು ಹೇಸಿಕೆ.

ಮೂರು ವರ್ಷದ ನಂತರ ಕಣ್ಣು ತೋರಿಸಲು ಹುಬ್ಬಳ್ಳಿಗೆ ಹೊರಟಿದ್ದೆ. ಬಸ್ಸು ಕುಳಗೇರಿ ಕ್ರಾಸಿನಲ್ಲಿ ಚಹಾಕ್ಕೆ ನಿಂತಿತು. ಇಳಿದರೆ ಕಿವಿಗೆ ಬಿದ್ದದ್ದು ಆ ಟಪ್ ಟಪ್. ರಸ್ತೆಯ ಪಕ್ಕ ನಿಂಬೆ ಸೋಡಾದ ಅಂಗಡಿ. ಅವನು ಸ್ಟೂಲಿನ ಮೇಲೆ ಕೂತು ನುಡಿಸುತ್ತಿದ್ದ, ಅಂಗಿಯ ಮೇಲೆ ಬಣ್ಣ ಹೋದ ಅದೇ ಗಿಳಿಗಳು. ಎದುರಿಗೆ ಒಬ್ಬ ಲಾರಿ ಡ್ರೈವರು ಸೋಡಾ ಬಾಟಲಿಗಳ ಖಾಲಿ ಪೆಟ್ಟಿಗೆಯ ಮೇಲೆ ಬೆರಳು ಬಡಿಯುತ್ತಿದ್ದ. ಎಲ್ಲಿ ಬೀಳಬೇಕೋ ಅಲ್ಲೇ ಬೀಳುತ್ತಿತ್ತು ಅವನ ಬೆರಳು. ಯಾರೂ ಕಲಿಸಿರಲಿಕ್ಕಿಲ್ಲ. ಆ ಡ್ರೈವರಿಗೆ ಕಾಪಾಡಿಕೊಳ್ಳಬೇಕಾದ ದೊಡ್ಡಸ್ತಿಕೆ ಏನೂ ಇರಲಿಲ್ಲ, ಅಷ್ಟೇ.

"ಓಹೋ, ಕಾಕಾ! ಯಾವ ಕಡೆ?"

"ಹುಬ್ಬಳ್ಳಿಗೆ. ಕಣ್ಣ ತೋರಸಾಕ."

"ಕಣ್ಣ ಇರ್ಲಿ, ಮದಲ ಕಿವಿ ತೋರಸ್ರಿ."

ಡ್ರೈವರು ನಕ್ಕ. ಸಿಟ್ಟು ನೆತ್ತಿಗೆ ಏರಿತು. ಆದರೂ, ಯಾಕೋ, ಅಂದು ಬಾಯಿಂದ ಬಂತು: "ತಮ್ಮಾ, ಅವತ್ತು ನೀ ತಪ್ಪಿದ್ದಿಲ್ಲ. ನಂಗ ಅಲ್ಲೇ ಗೊತ್ತಾಗಿತ್ತು."

ಅವನು ಗಿಟಾರು ಬದಿಗಿಟ್ಟ. ಅಳುತ್ತಾನೆ, ಕಾಲಿಗೆ ಬೀಳುತ್ತಾನೆ, ಕನಿಷ್ಠ ಬಯ್ಯುತ್ತಾನೆ ಎಂದುಕೊಂಡಿದ್ದೆ. ಅವನು ಒಂದು ಸೋಡಾ ಒಡೆದು ನನ್ನ ಕೈಗಿಟ್ಟ.

"ಇದನ್ನ ನಂಗ್ಯಾಕ ಹೇಳ್ತೀರಿ ಕಾಕಾ? ನಂಗ ಗೊತ್ತೈತಿ. ಗೊತ್ತಿಲ್ಲದವ್ರು ಇಳಕಲ್ಲಾಗ ಅದಾರ. ಅವ್ರಿಗಿ ಹೇಳ್ರಿ."

"ಹೇಳ್ತೇನಿ."

"ಯಾವಾಗ?"

ಕಂಡಕ್ಟರ್ ಸೀಟಿ ಊದಿದ. ನಾನು ಅರ್ಧ ಸೋಡಾ ಬಿಟ್ಟು ಬಸ್ಸು ಹತ್ತಿದೆ.

ಹೇಳಲಿಲ್ಲ. ಶ್ರಾವಣ ಮುಗಿಯಲಿ ಎಂದೆ. ಅಧ್ಯಕ್ಷರ ಮಗಳ ಮದುವೆ ಆಗಲಿ ಎಂದೆ. ಸಂಘದ ಚುನಾವಣೆ ಮುಗಿಯಲಿ ಎಂದೆ. ನಾನು ಹೇಳಿದ್ದರೆ ಅವನನ್ನು ಕರೆಸಿ ಭವನ ಕೊಡುತ್ತಿದ್ದರೋ ಇಲ್ಲವೋ ಗೊತ್ತಿಲ್ಲ. ಆ ಮಕ್ಕಳು ಅಷ್ಟರಲ್ಲಿ ದೊಡ್ಡವರಾಗಿ ಪಾವರ್‌ಲೂಮಿಗೋ ಕಾಲೇಜಿಗೋ ಹೋದರು. ಮತ್ತೆರಡು ವರ್ಷಕ್ಕೆ ಅವನು ಬಾಗಲಕೋಟೆಯ ದವಾಖಾನೆಯೊಂದರಲ್ಲಿ ಸತ್ತ. ಸುದ್ದಿ ಬಂದದ್ದು ನನಗಲ್ಲ, ನನ್ನ ಹೆಂಡತಿಗೆ. ಅವನ ತಂಗಿ ಫೋನು ಮಾಡಿದ್ದಳು.

"ನಿನ್ನ ನಂಬರ್ ಅಕಿಗೆ ಹೆಂಗ ಗೊತ್ತು?" ಎಂದೆ.

"ಸೀರಿ ಯಾಪಾರಕ್ಕ ಹೋಗೂ ಮಂದಿ ಕೈಯಾಗ ರೇಷ್ಮಿ ಚೂರು ಕಳಸ್ತಿದ್ದೆ" ಎಂದಳು. ಐದು ವರ್ಷ ಕಳಿಸಿದ್ದಾಳೆ. ನನಗೆ ಒಂದು ಮಾತು ಹೇಳಿಲ್ಲ.

ಮುಂದಿನ ಸೋಮವಾರ ಭಜನೆ ಶುರುವಾಗುವ ಮೊದಲು ಎದ್ದು ನಿಂತೆ. "ಎಲ್ಲಾರೂ ಕೇಳ್ರಿ. ಮರೋಳದಾಂವ ಗಿಟಾರ ನುಡಿಸಿದಾಗ ನಾ ತಾಳ ಮಗುಚಿ ಇಟ್ಟೆ. ಅಂವ ತಪ್ಪಿದ್ದಿಲ್ಲ. ತಾಳ ನಂದು ತಪ್ಪಿತ್ತು. ಈಗ ಅಂವ ಸತ್ತಾನ. ಇನ್ನ ಮ್ಯಾಲ ನಾ ತಾಳ ಹಿಡಿಯಂಗಿಲ್ಲ."

ಅಧ್ಯಕ್ಷರು ಕಣ್ಣು ಒರೆಸಿಕೊಂಡು ಎದ್ದರು. "ಸತ್ತವರ ತಪ್ಪ ತಮ್ಮ ತಲೀ ಮ್ಯಾಲ ಹೊತಗೊಳ್ಳೂದು ಅಂದ್ರ ಸಣ್ಣ ಮಾತಲ್ಲ. ಎಂಥಾ ದೊಡ್ಡ ಮನಸು ನೋಡ್ರಿ ನಮ್ಮ ಹಿರಿಯರದು!"

"ಇಲ್ರಿ, ನಾ ಖರೇನ ಹೇಳಾಕತ್ತೇನಿ."

"ಹೌದ್ರಿ ಹೌದು" ಎಂದರು, ಹಟ ಹಿಡಿದ ಮಗುವಿಗೆ ಹೇಳುವ ಹಾಗೆ. ಯಾರೋ ಚಪ್ಪಾಳೆ ತಟ್ಟಿದರು, ಎಲ್ಲರೂ ತಟ್ಟಿದರು. ಅತಿಥಿಗಳಿಗೆಂದು ಕಪಾಟಿನಲ್ಲಿ ಇಟ್ಟಿರುವ ಶಾಲುಗಳಲ್ಲಿ ಒಂದನ್ನು ತಂದು ಇಷ್ಟು ವರ್ಷದ ತಾಳ ಸೇವೆಗೆಂದು ನನ್ನ ಹೆಗಲಿಗೆ ಹೊದಿಸಿದರು. ನಾನು ಕೈ ಮುಗಿದೆ. ಹೌದು, ಕೈ ಮುಗಿದೆ.

ಮನೆಗೆ ಬಂದಾಗ ಹೆಂಡತಿ ರಾಟೆಯ ಮುಂದೆ ಇದ್ದಳು. ಶಾಲು ನೋಡಿದಳು.

"ಹೇಳಿದ್ರ್ಯಾ?"

"ಹೇಳಿದೆ."

"ಏನಂತ?"

"ತಾಳ ನಂದ ತಪ್ಪಿತ್ತು ಅಂತ."

ಅವಳು ನೂಲಿನ ಮೇಲಿಂದ ಕೈ ತೆಗೆಯಲಿಲ್ಲ. "ಗೊತ್ತಾದ ಮ್ಯಾಲೂ ಬಡದೆ ಅಂತ ಹೇಳಿದ್ರ್ಯಾ? ನಾ ಗ್ವಾಡಿ ಕಡೆ ಕುಂತಿದ್ದೆ. ನೀವು ಕಾಲ ಎಳಕೊಂಡದ್ದು ನೋಡೇನಿ."

ನಾನು ಶಾಲು ತೆಗೆದು ಮಡಚತೊಡಗಿದೆ.

"ಅದನ್ನ ಹೇಳಿದ್ರ ಶಾಲು ಹೊಚ್ಚತಿದ್ದಿಲ್ಲ" ಎಂದಳು.